ಅಪ್‌ಡೇಟ್: ಫ್ರೆಟ್‌ಬೋರ್ಡ್ ಈಗ ಅರ್ಥವಾಗುತ್ತಿದೆ

ಗಿಟಾರ್ ನಾನೇ ಕಲಿಯುತ್ತಿದ್ದೇನೆ, ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬರುತ್ತವೆ, ಆದರೆ ಯಾವ ಫ್ರೆಟ್‌ನಲ್ಲಿ (ಗಿಟಾರ್ ಕತ್ತಿನ ಮೇಲೆ ಲೋಹದ ಪಟ್ಟಿಗಳ ನಡುವಿನ ಮನೆ) ಯಾವ ಸ್ವರ ಅಂತ ಗೊತ್ತಾಗುವುದಿಲ್ಲ, ಎಲ್ಲವನ್ನೂ ಬಾಯಿಪಾಠ ಮಾಡಬೇಕಾ ಎಂದು ಕೇಳಿದ್ದೆ. ಬೇಡ, ಆಕ್ಟೇವ್ (ಅದೇ ಸ್ವರ, ಮೇಲಿನ ಅಥವಾ ಕೆಳಗಿನ ಸ್ಥಾಯಿಯಲ್ಲಿ) ಹಿಡಿದು ಹೋಗಿ ಎಂದವರಿಗೆ ತುಂಬಾ ಥ್ಯಾಂಕ್ಸ್.

ಮೊದಲು 6 (ಅತಿ ದಪ್ಪದ್ದು) ಮತ್ತು 5ನೇ ತಂತಿಯ ಸ್ವರಗಳನ್ನಷ್ಟೇ ಕಲಿತೆ. ಬಿ-ಸಿ, ಇ-ಎಫ್ ಸ್ವರಗಳು ಅಕ್ಕಪಕ್ಕದ ಫ್ರೆಟ್‌ನಲ್ಲೇ ಇರುತ್ತವೆ, ಉಳಿದವುಗಳ ನಡುವೆ ಒಂದು ಫ್ರೆಟ್ ಬಿಡಬೇಕು. ಅಲ್ಲಿಂದ ಎರಡು ತಂತಿ ಆಚೆ, ಎರಡು ಫ್ರೆಟ್ ಮುಂದೆ ಹೋದರೆ ಅದೇ ಸ್ವರ, ಒಂದು ಆಕ್ಟೇವ್ ಮೇಲೆ. 6ನೇ ತಂತಿಯ 5ನೇ ಫ್ರೆಟ್ ಎ, 4ನೇ ತಂತಿಯ 7ನೇ ಫ್ರೆಟ್ ಕೂಡ ಎ.

ಜಾಸ್ತಿ ಕಾಡಿದ್ದು 2ನೇ ತಂತಿ. ಅಲ್ಲಿ ಈ ಲೆಕ್ಕ ಯಾಕೆ ಕೂಡುವುದಿಲ್ಲ? ಕಾರಣ ಟ್ಯೂನಿಂಗ್‌ನಲ್ಲೇ ಇದೆ. ಬೇರೆಲ್ಲ ಪಕ್ಕದ ತಂತಿಗಳ ನಡುವೆ 5 ಫ್ರೆಟ್ ಅಂತರ, ಜಿ-ಬಿ (3 ಮತ್ತು 2ನೇ ತಂತಿ) ನಡುವೆ ಮಾತ್ರ 4. ಹಾಗಾಗಿ 4ರಿಂದ 2ಕ್ಕೆ, 3ರಿಂದ 1ಕ್ಕೆ ಹೋಗುವಾಗ ಮೂರು ಫ್ರೆಟ್ ಮುಂದೆ ಹೋಗಬೇಕು. ಇದು ಹೊಳೆದಾಗ ಆದ ಖುಷಿ ಅಷ್ಟಿಷ್ಟಲ್ಲ!

12ನೇ ಫ್ರೆಟ್‌ನಿಂದ ಎಲ್ಲ ಮತ್ತೆ ಮೊದಲಿನ ಹಾಗೇ. ಈಗ ದಿನಾ ಒಂದು ಸ್ವರ ಆರಿಸಿ, ಆರೂ ತಂತಿಗಳಲ್ಲಿ ಹುಡುಕಿ, ಹೆಸರು ಹೇಳುತ್ತಾ ನುಡಿಸುತ್ತೇನೆ. ಟ್ರಯಾಡ್‌ಗಳನ್ನೂ (ಮೂರು ಸ್ವರಗಳ ಕಾರ್ಡ್‌ಗಳು) ಶುರು ಮಾಡಿದ್ದೇನೆ.