ಶೂಟಿಂಗ್ ನಡುವೆ ಬಂದು ಬೆಲ್ಟ್ ಗೆದ್ದರೆ ಸರೀನಾ? ದಿ ರಾಕ್ ಬಗ್ಗೆ ಒಂದು ಚರ್ಚೆ

ಟೆನ್‌ಸ್ಪೋರ್ಟ್ಸ್ ಕಾಲದವನು:
ನಿನ್ನೆ ಅಣ್ಣನ ಮಗನ ಜೊತೆ ಕೂತು ಡಬ್ಲ್ಯೂಡಬ್ಲ್ಯೂಇ ಕುಸ್ತಿಯ 2013ರ ರಾಯಲ್ ರಂಬಲ್ ಶೋ ಮತ್ತೆ ನೋಡಿದೆ. ಸಿಎಂ ಪಂಕ್ 434 ದಿನ ಉಳಿಸಿಕೊಂಡಿದ್ದ ಚಾಂಪಿಯನ್ ಬೆಲ್ಟನ್ನು ದಿ ರಾಕ್ (ಸಿನಿಮಾ ನಟ ಡ್ವೇನ್ ಜಾನ್ಸನ್) ಆ ರಾತ್ರಿ ಗೆದ್ದ. ಅವತ್ತು ನಾನು ಕುಣಿದಾಡಿದ್ದೆ. ಈ ಸಲ ಬೇಜಾರಾಯಿತು. ಒಬ್ಬ ವಾರಕ್ಕೆ ಮೂರ್ನಾಲ್ಕು ಊರು ಸುತ್ತಿ ವರ್ಷಪೂರ್ತಿ ಆಡಿದವನು. ಇನ್ನೊಬ್ಬ ಸಿನಿಮಾಗಳ ನಡುವೆ ಬಿಡುವು ಮಾಡಿಕೊಂಡು ಬಂದವನು. ಗೆಲ್ಲೋದು ಯಾರು ಅಂತ ಮೊದಲೇ ಬರೆದಿರುತ್ತಾರೆ, ನನಗೂ ಗೊತ್ತು. ಬರೆಯುವವರು ಯಾರ ದುಡಿಮೆಗೆ ಬೆಲೆ ಕೊಡುತ್ತಾರೆ ಅನ್ನೋದೇ ನನ್ನ ಪ್ರಶ್ನೆ.

ರಾಕ್ ಅಭಿಮಾನಿ, ಹಾಸನ:
ಅಣ್ಣಾ, ಇದು ಅನ್ಯಾಯದ ಮಾತು. 2004ರ ರೆಸಲ್‌ಮೇನಿಯಾ (ಡಬ್ಲ್ಯೂಡಬ್ಲ್ಯೂಇಯ ವರ್ಷದ ಅತಿ ದೊಡ್ಡ ಶೋ) ಆದಮೇಲೆ ಏಳು ವರ್ಷ ಅವನು ಒಂದು ಮ್ಯಾಚೂ ಆಡಿರಲಿಲ್ಲ. ಸಿನಿಮಾದಲ್ಲಿ ಗಟ್ಟಿಯಾಗಿ ನೆಲೆ ನಿಂತಿದ್ದ. ವಾಪಸ್ ಬರಲೇಬೇಕು ಅಂತೇನೂ ಇರಲಿಲ್ಲ. ಆದರೂ ಬಂದ. 2012ರ ಏಪ್ರಿಲ್ 1ರಂದು ಮಯಾಮಿಯ ರೆಸಲ್‌ಮೇನಿಯಾದಲ್ಲಿ ಆಗಿನ ದೊಡ್ಡ ಸ್ಟಾರ್ ಜಾನ್ ಸೀನಾ ಜೊತೆ ಆಡಿದ. ಅದು ರಾಕ್ ಕಾಲೇಜು ಓದಿದ ಊರು. ಆ ಶೋ ಟಿವಿಯಲ್ಲಿ ನೋಡೋಕೆ ದುಡ್ಡು ಕೊಟ್ಟ ಖರೀದಿಗಳೇ ಸುಮಾರು 12 ಲಕ್ಷ. ಅದೇ ರಾತ್ರಿ ಪಂಕ್ ಕ್ರಿಸ್ ಜೆರಿಕೋ ಜೊತೆ ಆಡಿದ ಮ್ಯಾಚನ್ನೂ ಆ ಜನವೇ ನೋಡಿದ್ದು, ಅಲ್ವಾ?

ಟೆನ್‌ಸ್ಪೋರ್ಟ್ಸ್ ಕಾಲದವನು:
ನೋಡಿದರು, ನಿಜ. ಆದರೆ ಪಂಕ್ ಅವತ್ತು ಚಾಂಪಿಯನ್. ಆದರೂ ಶೋನ ಮುಖ್ಯ ಮ್ಯಾಚ್ ಅನ್ನಿಸುವ ಕೊನೆಯ ಮ್ಯಾಚ್ ಅವನದ್ದಾಗಲಿಲ್ಲ. 'ಜೀವನದಲ್ಲಿ ಒಂದೇ ಸಲ' ಅಂತ ಹೇಳಿ ರಾಕ್-ಸೀನಾ ಮ್ಯಾಚ್ ಮಾರಿದರು. ಮುಂದಿನ ವರ್ಷ ಅದೇ ಮ್ಯಾಚ್ ಮತ್ತೆ, ಮತ್ತೆ ಕೊನೆಯಲ್ಲಿ. ಪಂಕ್ 2014ರ ಜನವರಿಯಲ್ಲಿ ಬಿಟ್ಟೇ ಹೋದ. ರೆಸಲ್‌ಮೇನಿಯಾದ ಕೊನೆಯ ಮ್ಯಾಚ್ ಅವನಿಗೆ ಸಿಕ್ಕಿದ್ದು 2025ರಲ್ಲಿ, 46ನೇ ವಯಸ್ಸಿನಲ್ಲಿ. ಅಷ್ಟು ವರ್ಷ ಯಾರು ವಾಪಸ್ ಕೊಡುತ್ತಾರೆ?

ರಾತ್ರಿ ಬಸ್:
ಒಂದು ವಿಷಯ ಯಾರೂ ಹೇಳುತ್ತಿಲ್ಲ. 2013ರ ಆ ಸೀನಾ ಮ್ಯಾಚಿನಲ್ಲಿ ರಾಕ್‌ಗೆ ಹೊಟ್ಟೆ, ತೊಡೆ ಸಂದಿನ ಸ್ನಾಯುಗಳೇ ಹರಿದವು. ಹಾಗೇ ಮ್ಯಾಚ್ ಮುಗಿಸಿದ. ಆಮೇಲೆ ಆಪರೇಷನ್ ಆಯಿತು, ಸಿನಿಮಾ ಶೂಟಿಂಗ್ ಮುಂದಕ್ಕೆ ಹೋಯಿತು. ಹೀರೋ ಮಲಗಿದರೆ ಇಡೀ ಯೂನಿಟ್ ಕೂರಬೇಕು. ಹಾಗಿರುವಾಗ ವರ್ಷಕ್ಕೆ ಎರಡು ಮೂರು ಮ್ಯಾಚ್ ಬಿಟ್ಟು ಜಾಸ್ತಿ ಆಡೋಕೆ ಯಾವ ನಿರ್ಮಾಪಕ ಒಪ್ಪುತ್ತಾನೆ? ಕಡಿಮೆ ಆಡೋದನ್ನು ಸೋಮಾರಿತನ ಅನ್ನಬೇಡಿ.

ಗರಡಿಮನೆ, ದಾವಣಗೆರೆ:
ಎಷ್ಟು ದಿನ ಆಡಿದ ಅನ್ನೋದನ್ನು ಪಕ್ಕಕ್ಕಿಡೋಣ. ನಮ್ಮ ತಾತ ಗರಡಿಯಲ್ಲಿ ಹುಡುಗರನ್ನು ತಯಾರು ಮಾಡಿದವರು. ಜೋಡಿ ಕಟ್ಟುವಾಗ ಅವರು ಕೇಳುತ್ತಿದ್ದದ್ದು ಒಂದೇ: ಈ ಕುಸ್ತಿಯಿಂದ ಯಾರು ಬೆಳೆಯುತ್ತಾರೆ? ಡಬ್ಲ್ಯೂಡಬ್ಲ್ಯೂಇ ಬೇರೆ ಆಟ, ಒಪ್ಪುತ್ತೇನೆ. ಆದರೆ ಆ ಪ್ರಶ್ನೆ ಅಲ್ಲಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ಅಲ್ಲಿ ಫಲಿತಾಂಶ ಅವರ ಕೈಯಲ್ಲೇ ಇದೆ.

2013ರಲ್ಲಿ ಏನಾಯಿತು ನೋಡಿ. ಬೆಲ್ಟ್ ಪಂಕ್‌ನಿಂದ ರಾಕ್‌ಗೆ, ರಾಕ್‌ನಿಂದ ಸೀನಾಗೆ. ಸೀನಾ ಆಗಲೇ ಹತ್ತು ಸಲ ಅದನ್ನು ಗೆದ್ದಿದ್ದ. ಇಷ್ಟು ದೊಡ್ಡ ಹೆಸರು ಬಂದು ಹೋಯಿತು, ಹೊಸಬ ಒಬ್ಬನೂ ತಯಾರಾಗಲಿಲ್ಲ. ರಾಕ್ ಸೋತ ಅಂತ ಅಭಿಮಾನಿಗಳು ಹೇಳುತ್ತಾರೆ. ಸೋಲು ಯಾರಿಗೆ ಉಪಯೋಗ ಆಯಿತು ಅನ್ನೋದು ಮುಖ್ಯ.

2014ರಲ್ಲಿ, ಸಿನಿಮಾಗೆ ಹೋಗಿದ್ದ ಬಟಿಸ್ಟಾ ವಾಪಸ್ ಬಂದಾಗಲೂ ಅದೇ ದಾರಿ ಹಿಡಿದಿದ್ದರು. ಅವನ ಸಿನಿಮಾ ಬಿಡುಗಡೆಗೆ ಸುಮಾರು ಆರು ತಿಂಗಳಿತ್ತು, ಬಂದ ತಿಂಗಳಲ್ಲೇ ರಾಯಲ್ ರಂಬಲ್‌ನ ಮೂವತ್ತು ಜನರ ಮ್ಯಾಚ್ ಗೆಲ್ಲಿಸಿದರು. ಪಿಟ್ಸ್‌ಬರ್ಗ್ ಜನ ಸುಮ್ಮನೆ ಕೂರಲಿಲ್ಲ. ತಮ್ಮ ಮೆಚ್ಚಿನ ಆಟಗಾರ ಡೇನಿಯಲ್ ಬ್ರಯನ್ ಎಲ್ಲಿ ಅಂತ ಕೂಗಿದರು, ಬಟಿಸ್ಟಾಗೆ ಛೀಮಾರಿ ಹಾಕಿದರು. ಕಥೆ ಬದಲಾಯಿತು. ಏಪ್ರಿಲ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಬಟಿಸ್ಟಾ ಬ್ರಯನ್ ಹಿಡಿತಕ್ಕೆ ಸೋಲೊಪ್ಪಿದ. ನನಗೆ ಆ ವಾಪಸಾತಿ ಇಷ್ಟ. ಅದರಿಂದ ಬ್ರಯನ್ ಬೆಳೆದ.

ರಾಕ್ ಅಭಿಮಾನಿ, ಹಾಸನ:
ಹಾಗಾದರೆ 2024 ಕೂಡ ಲೆಕ್ಕಕ್ಕೆ ತಗೊಳ್ಳಿ. ರೆಸಲ್‌ಮೇನಿಯಾದ ಮುಖ್ಯ ಮ್ಯಾಚಿನಲ್ಲಿ ಕೋಡಿ ರೋಡ್ಸ್ ಜಾಗಕ್ಕೆ ರಾಕ್ ಬಂದಾಗ ಜನ 'ನಮಗೆ ಕೋಡಿ ಬೇಕು' ಅಂತ ಗಲಾಟೆ ಮಾಡಿದರು. ರಾಕ್ ಅದನ್ನೇ ಹಿಡಿದು ವಿಲನ್ ಆದ. ಫಿಲಡೆಲ್ಫಿಯಾದಲ್ಲಿ ಮೊದಲ ರಾತ್ರಿ ಅವನು ಗೆದ್ದ, ಎರಡನೇ ರಾತ್ರಿ ಕೋಡಿ ಬೆಲ್ಟ್ ಗೆದ್ದ. ಅಷ್ಟು ಕೆಟ್ಟ ವಿಲನ್ ಎದುರಿಗಿದ್ದದ್ದಕ್ಕೇ ಆ ಗೆಲುವಿಗೆ ತೂಕ ಬಂತು.

ಗರಡಿಮನೆ, ದಾವಣಗೆರೆ:
ಇದನ್ನು ಪೂರ್ತಿ ಒಪ್ಪುತ್ತೇನೆ. ಆದರೆ 2025ರಲ್ಲಿ ಟೊರೊಂಟೊದಲ್ಲಿ ಸೀನಾ ವಿಲನ್ ಆಗುವ ಕಥೆ ಶುರು ಮಾಡಿಸಿದ್ದೂ ರಾಕೇ. ಆಮೇಲೆ ರಾಕ್ ರೆಸಲ್‌ಮೇನಿಯಾಕ್ಕೆ ಬರಲೇ ಇಲ್ಲ. ಕಥೆ ಅರ್ಧಕ್ಕೆ ನಿಂತಿತು.

ರಾತ್ರಿ ಬಸ್:
ಸೀನಾ ಕಡೆ ನೋಡಿ. ಸಿನಿಮಾಗೆ ಹೋದ ಅಂತ ರಾಕ್‌ನನ್ನು ಬೈದವನೇ ಆಮೇಲೆ ತಾನೂ ಹೋದ. ನಾನು ಅಂದದ್ದು ತಪ್ಪು ಅಂತ ಬಾಯಿಬಿಟ್ಟು ಹೇಳಿದ. ನನಗೆ ಅದು ದೊಡ್ಡ ಗುಣ. 2023ರಲ್ಲಿ ಹಾಲಿವುಡ್ ನಟರ ಮುಷ್ಕರದಿಂದ ಶೂಟಿಂಗ್ ನಿಂತಾಗ ವಾಪಸ್ ಬಂದ, ಸೆಪ್ಟೆಂಬರ್ 8ಕ್ಕೆ ಹೈದರಾಬಾದಿಗೂ ಬಂದ. ಬೆಂಗಳೂರಿನಿಂದ ರಾತ್ರಿ ಬಸ್ ಹಿಡಿದು ಹೋಗಿದ್ದೆ. ಅವನು ರಿಂಗಿಗೆ ಬಂದಾಗ ಪಕ್ಕದ ಸೀಟಿನ ದೊಡ್ಡವರೊಬ್ಬರು ಅತ್ತುಬಿಟ್ಟರು. ಪಾರ್ಟ್‌ಟೈಮ್ ಅನ್ನೋ ಮಾತು ಅಲ್ಲಿ ಯಾರ ಬಾಯಲ್ಲೂ ಇರಲಿಲ್ಲ. 2025ರ ಡಿಸೆಂಬರ್ 13ರ ತನ್ನ ಕೊನೆಯ ಮ್ಯಾಚಿನಲ್ಲಿ ಎದುರಾಳಿ ಗುಂಥರ್ ಹಿಡಿತಕ್ಕೆ ಕೈ ತಟ್ಟಿ ಸೋತ. ಬೇಜಾರಾಯಿತು. ಆದರೆ ಗುಂಥರ್‌ಗೆ ಅದು ಜೀವನಪೂರ್ತಿ ಉಳಿಯುತ್ತದೆ.

ಟೆನ್‌ಸ್ಪೋರ್ಟ್ಸ್ ಕಾಲದವನು:
ಗರಡಿಮನೆಯವರ ಮಾತು ನನಗೆ ಸರಿ ಅನಿಸಿತು. 2013ರ ಬಗ್ಗೆ ನನ್ನ ಬೇಜಾರು ಹೋಗಿಲ್ಲ. ಆದರೆ ಒಂದು ಹೇಳಲೇಬೇಕು. ಅಣ್ಣನ ಮಗನಿಗೆ ರಾಕ್ ಗೊತ್ತಿದ್ದದ್ದು ಸಿನಿಮಾದಿಂದ ಮಾತ್ರ. ರಾಕ್‌ಗೋಸ್ಕರವೇ ಆ ಮ್ಯಾಚ್ ನೋಡೋಕೆ ಕೂತ. ಮುಗಿದ ಮೇಲೆ, 'ಚಿಕ್ಕಪ್ಪ, ಆ ಸೋತವನು ಯಾರು? ಅವನದ್ದು ಇನ್ನೊಂದು ಹಾಕು' ಅಂದ. ರಾತ್ರಿ ಹನ್ನೊಂದರವರೆಗೆ ಪಂಕ್ ಮ್ಯಾಚ್‌ಗಳನ್ನೇ ನೋಡಿದೆವು.