ಡೆಬಿಯನ್ 13ರಲ್ಲಿ ಕಟ್ಟಿದ ಬೈನರಿ ಪ್ಯಾಕೇಜ್ ಡೆಬಿಯನ್ 12ರಲ್ಲಿ ಇನ್‌ಸ್ಟಾಲ್ ಆಗುತ್ತಿಲ್ಲ: ಸೋರ್ಸ್ ಪ್ಯಾಕೇಜ್ ಮಾಡಬೇಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಳೆಯ ನುಡಿ ಫಾಂಟುಗಳಲ್ಲಿ ಬೆರಳಚ್ಚಾದ ಕನ್ನಡ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಚಿಕ್ಕ ಪ್ರೋಗ್ರಾಮೊಂದನ್ನು ಸಿ++ ಭಾಷೆಯಲ್ಲಿ ಬರೆದಿದ್ದೇನೆ. ಅದನ್ನು ನಮ್ಮ ಊರಿನ ಗ್ರಂಥಾಲಯದ ಐದು ಕಂಪ್ಯೂಟರುಗಳಲ್ಲಿ ಹಾಕಬೇಕಾಗಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ 13ನೆಯ ಆವೃತ್ತಿ ಇದೆ, ಗ್ರಂಥಾಲಯದಲ್ಲಿ ಇನ್ನೂ ಡೆಬಿಯನ್ 12 ಇದೆ. ಡಿಎಚ್-ಮೇಕ್ ಎಂಬ ಸಾಧನ ಬಳಸಿ ಪ್ಯಾಕೇಜ್ ಕಟ್ಟುವ ವಿವರಗಳಿರುವ ಡೆಬಿಯನ್ ಕಡತಕೋಶವನ್ನು ಸಿದ್ಧಪಡಿಸಿಕೊಂಡು, ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್ ಆದೇಶದಿಂದ ಬೈನರಿಯನ್ನಷ್ಟೇ (ಇನ್‌ಸ್ಟಾಲ್ ಮಾಡಬಹುದಾದ ಸಿದ್ಧ ಪ್ಯಾಕೇಜನ್ನಷ್ಟೇ) ಕಟ್ಟಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಸರಿಯಾಗಿ ಕೆಲಸ ಮಾಡುತ್ತಿದೆ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಮಾತ್ರ ಯೂನಿಕೋಡ್ ಲೈಬ್ರರಿಯಾದ ಲಿಬ್‌ಐಸಿಯು76 ಸಿಗುವುದಿಲ್ಲವೆಂದೂ, ಸಿ ಭಾಷೆಯ ಮೂಲ ಲೈಬ್ರರಿಯಾದ ಲಿಬ್‌ಸಿ6ರ ಆವೃತ್ತಿ ಕನಿಷ್ಠ 2.38 ಇರಬೇಕೆಂದೂ ಹೇಳಿ, ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಆಪ್ಟ್ ನಿರಾಕರಿಸುತ್ತಿದೆ.

ಪ್ಯಾಕೇಜಿನ ವಿವರಗಳಿರುವ ಕಂಟ್ರೋಲ್ ಕಡತದಿಂದ ಅವಲಂಬನೆಗಳ ಸಾಲನ್ನು ಕೈಯಾರೆ ತೆಗೆದುಹಾಕಿ ಮತ್ತೊಮ್ಮೆ ಕಟ್ಟಿ ನೋಡಿದೆ. ಇನ್‌ಸ್ಟಾಲ್ ಆಯಿತು, ಆದರೆ ಪ್ರೋಗ್ರಾಮ್ ತೆರೆಯುವ ಮೊದಲೇ ನಿಂತುಹೋಯಿತು. ಈ ಅವಲಂಬನೆಗಳನ್ನು ನಾನು ಎಲ್ಲಿಯೂ ಬರೆದಿರಲಿಲ್ಲ. ಅವು ಎಲ್ಲಿಂದ ಬಂದವು? ಸೋರ್ಸ್ ಪ್ಯಾಕೇಜ್ ಎಂಬುದು ಡೆಬಿಯನ್ ಭಂಡಾರಕ್ಕೆ ಕಳುಹಿಸುವವರಿಗೆ ಮಾತ್ರ ಬೇಕಾದದ್ದೆಂದು ನಾನು ಭಾವಿಸಿದ್ದೆ. ನನ್ನಂಥವರಿಗೂ ಅದರಿಂದ ಪ್ರಯೋಜನವಿದೆಯೇ?

ಮೊದಲ ಉತ್ತರ

ಆ ಅವಲಂಬನೆಗಳನ್ನು ನೀವು ಬರೆಯಲಿಲ್ಲ ನಿಜ, ಆದರೆ ಕಂಟ್ರೋಲ್ ಕಡತದ ಡಿಪೆಂಡ್ಸ್ ಸಾಲಿನಲ್ಲಿ ಡಿಎಚ್-ಮೇಕ್ ಇಟ್ಟುಕೊಟ್ಟ ‘ಶ್‌ಲಿಬ್ಸ್:ಡಿಪೆಂಡ್ಸ್’ ಎಂಬ ಚರಪದ ಅಲ್ಲಿರುತ್ತದೆ. ಕಟ್ಟುವಾಗ ಡಿಪಿಕೆಜಿ-ಶ್‌ಲಿಬ್‌ಡೆಪ್ಸ್ ನಿಮ್ಮ ಬೈನರಿಯನ್ನು ತೆರೆದು, ಅದು ಯಾವ ಲೈಬ್ರರಿಗಳ ಯಾವ ಸಂಕೇತಗಳನ್ನು (ಫಂಕ್ಷನ್‌ನಂಥವುಗಳ ಹೆಸರುಗಳನ್ನು) ಬಳಸುತ್ತದೆಂದು ನೋಡಿ, ಆ ಚರಪದದ ಜಾಗದಲ್ಲಿ ನಿಖರವಾದ ಹೆಸರುಗಳನ್ನು ತುಂಬುತ್ತದೆ. ಲಿಬ್‌ಸಿ6 ಎಂಬುದು ಜಿಲಿಬ್‌ಸಿ ಲೈಬ್ರರಿಯ ಪ್ಯಾಕೇಜ್. ಡೆಬಿಯನ್ 12ರಲ್ಲಿರುವುದು ಜಿಲಿಬ್‌ಸಿ 2.36, 13ರಲ್ಲಿರುವುದು 2.41. ಜಿಲಿಬ್‌ಸಿ 2.38ರಿಂದ ಸ್ಟ್ರ್‌ಟೋಲ್‌ನಂಥ ಕೆಲವು ಫಂಕ್ಷನ್‌ಗಳು ಸಿ++ನಲ್ಲಿ ಕಂಪೈಲ್ ಆಗುವಾಗ ಹೊಸ ಸಂಕೇತನಾಮಗಳಿಗೆ ಜೋಡಣೆಯಾಗುತ್ತವೆ. ನಿಮ್ಮ ಸೋರ್ಸ್‌ನಲ್ಲಿ ಅಂಥದ್ದೊಂದು ಕರೆ ಇದ್ದರೂ ಸಾಕು, ಬೈನರಿ 2.38ನ್ನು ಬೇಡುತ್ತದೆ. ಹಾಗಾಗಿ ಆಪ್ಟ್ ಹೇಳಿದ್ದು ಸತ್ಯವನ್ನೇ. ಆ ಸಾಲನ್ನು ಅಳಿಸಿದರೆ ಎಚ್ಚರಿಕೆ ಮಾಯವಾಗುತ್ತದೆಯೇ ಹೊರತು ಕೊರತೆ ನೀಗುವುದಿಲ್ಲ. ದಯವಿಟ್ಟು ಆ ಸಾಲನ್ನು ಮೊದಲಿದ್ದಂತೆಯೇ ಮರಳಿ ಇಡಿ.

ನನ್ನ ಸಲಹೆ ಸರಳವಾಗಿದೆ. ಗ್ರಂಥಾಲಯದ ಒಂದು ಕಂಪ್ಯೂಟರಿನಲ್ಲಿಯೇ, ಅಂದರೆ ಇರುವುದರಲ್ಲಿ ಹಳೆಯ ಆವೃತ್ತಿಯಲ್ಲಿ ಕಟ್ಟಿ. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿಯೂ ನಡೆಯುತ್ತದೆ.

ಎರಡನೆಯ ಉತ್ತರ

ಮೇಲಿನವರು ಕಾರಣವನ್ನು ಸರಿಯಾಗಿ ವಿವರಿಸಿದ್ದಾರೆ, ಆದರೆ ಕೊನೆಯ ಸಲಹೆಯನ್ನು ನಾನು ಒಪ್ಪಲಾರೆ. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ನಡೆಯುತ್ತದೆಂಬ ಮಾತು ಜಿಲಿಬ್‌ಸಿಗೆ ಹೊಂದುತ್ತದೆ, ಏಕೆಂದರೆ ಅದು ಹಳೆಯ ಸಂಕೇತಗಳನ್ನು ಉಳಿಸಿಕೊಂಡು ಬರುತ್ತದೆ. ಐಸಿಯು ಹಾಗಲ್ಲ. ಅದರ ಪ್ರತಿ ಮುಖ್ಯ ಆವೃತ್ತಿಯೊಂದಿಗೆ ಲೈಬ್ರರಿಯ ಹೆಸರೇ ಬದಲಾಗುತ್ತದೆ: ಡೆಬಿಯನ್ 12ರಲ್ಲಿ ಲಿಬ್‌ಐಸಿಯು72, 13ರಲ್ಲಿ ಲಿಬ್‌ಐಸಿಯು76. 12ರಲ್ಲಿ ಕಟ್ಟಿದ್ದನ್ನು ನಿಮ್ಮ ಲ್ಯಾಪ್‌ಟಾಪಿಗೆ ತಂದರೆ ಇದೇ ತೊಂದರೆ ತಿರುಗುಮುರುಗಾಗಿ ಎದುರಾಗುತ್ತದೆ. ನಿಮಗೆ ಬೇಕಾಗಿರುವುದು ಎಲ್ಲ ಕಡೆಯೂ ನಡೆಯುವ ಒಂದೇ ಬೈನರಿಯಲ್ಲ, ಬೇಕಾದ ಕಡೆಯಲ್ಲೆಲ್ಲ ಮತ್ತೆ ಮತ್ತೆ ಕಟ್ಟಬಹುದಾದ ಒಂದೇ ಸೋರ್ಸ್ ಪ್ಯಾಕೇಜ್. ಅದರ ಪ್ರಯೋಜನವೇನೆಂದು ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದೇ.

ನೀವು ಕಟ್ಟಿದ ಬೈನರಿ ಪ್ಯಾಕೇಜಾದ ಡೆಬ್ ಕಡತವೆಂದರೆ ಹಲವು ಕಡತಗಳನ್ನು ಸೇರಿಸಿದ ಒಂದು ಎಆರ್ ಕಟ್ಟು, ಅದರೊಳಗೆ 2.0 ಎಂದಷ್ಟೇ ಬರೆದಿರುವ ಡೆಬಿಯನ್-ಬೈನರಿ, ವಿವರಗಳಿರುವ ಕಂಟ್ರೋಲ್ ಟಾರ್ (ಟಾರ್ ಕೂಡ ಕಡತಗಳ ಕಟ್ಟೇ) ಮತ್ತು ಡಿಸ್ಕಿಗೆ ಇಳಿಯುವ ಕಡತಗಳ ಡೇಟಾ ಟಾರ್ ಎಂಬ ಮೂರು ಭಾಗಗಳಿರುತ್ತವೆ. ಅದರಲ್ಲಿ ನೀವು ಬರೆದ ಕೋಡ್ ಇಲ್ಲ, ಕಟ್ಟುವ ವಿಧಾನವೂ ಇಲ್ಲ. ಸೋರ್ಸ್ ಪ್ಯಾಕೇಜ್ ಒಂದೇ ಕಡತವಲ್ಲ. ನಿಮ್ಮ ಮೂಲ ಕೋಡ್ ಇರುವ ಒರಿಜ್ ಟಾರ್, ಡೆಬಿಯನ್ ಕಡತಕೋಶವಷ್ಟೇ ಇರುವ ಎರಡನೆಯ ಟಾರ್, ಇವೆರಡರ ಹೆಸರು, ಗಾತ್ರ, ಚೆಕ್‌ಸಮ್‌ಗಳನ್ನು ಮತ್ತು ಕಟ್ಟಲು ಬೇಕಾದ ಪ್ಯಾಕೇಜುಗಳ ಬಿಲ್ಡ್-ಡಿಪೆಂಡ್ಸ್ ಪಟ್ಟಿಯನ್ನು ದಾಖಲಿಸುವ ಡಿಎಸ್‌ಸಿ ಕಡತ, ಇವು ಸೇರಿ ಒಂದು ಸೋರ್ಸ್ ಪ್ಯಾಕೇಜ್ ಆಗುತ್ತದೆ. ಇದು ಸೋರ್ಸ್-ಫಾರ್ಮ್ಯಾಟ್ ಕಡತದಲ್ಲಿ 3.0 ಕ್ವಿಲ್ಟ್ ಎಂದು ಬರೆದಾಗಿನ ರೂಪ. ಮೂಲ ಲೇಖಕರೂ ಪ್ಯಾಕೇಜ್ ಮಾಡುವವರೂ ನೀವೇ ಆಗಿರುವುದರಿಂದ 3.0 ನೇಟಿವ್ ಸಾಕೆಂದು ಹೇಳುವವರಿದ್ದಾರೆ. ಆದರೆ ಅದರಲ್ಲಿ ಪ್ರತ್ಯೇಕ ಡೆಬಿಯನ್ ಪರಿಷ್ಕರಣ ಸಂಖ್ಯೆ ಇರುವುದಿಲ್ಲವಾದ್ದರಿಂದ, ಪ್ಯಾಕೇಜಿನ ಒಂದು ಸಾಲು ತಿದ್ದಿದರೂ ಪ್ರೋಗ್ರಾಮಿನ ಆವೃತ್ತಿಯನ್ನೇ ಏರಿಸಬೇಕಾಗುತ್ತದೆ. ಆದ್ದರಿಂದ ಕ್ವಿಲ್ಟ್ ರೂಪವನ್ನೇ ಆರಿಸಿಕೊಳ್ಳಿ.

ಒರಿಜ್ ಟಾರ್ ಅನ್ನು ಗಿಟ್ ಆರ್ಕೈವ್‌ನಿಂದ ಪಡೆದು, ಪ್ಯಾಕೇಜಿನ ಹೆಸರಿಗೂ ಆವೃತ್ತಿಗೂ ನಡುವೆ ಅಡಿಗೆರೆ ಇರುವಂತೆ ಹೆಸರಿಟ್ಟು, ಕೋಡ್ ಇರುವ ಕಡತಕೋಶದ ಹೊರಗೆ, ಒಂದು ಹಂತ ಮೇಲೆ ಇಡಿ. ಬಳಿಕ ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್‌ಗೆ ದೊಡ್ಡ ಎಸ್ ಆಯ್ಕೆ ಕೊಟ್ಟರೆ ಸೋರ್ಸ್ ಮಾತ್ರ ಸಿದ್ಧವಾಗುತ್ತದೆ. ಅದನ್ನು ಎಸ್‌ಬಿಲ್ಡ್ ಎಂಬ ಕಟ್ಟುವ ಸಾಧನಕ್ಕೆ ಕೊಟ್ಟು, ವಿತರಣೆಯ ಹೆಸರು ಬುಕ್‌ವರ್ಮ್ (ಡೆಬಿಯನ್ 12ರ ಇನ್ನೊಂದು ಹೆಸರು) ಎಂದು ಸೂಚಿಸಿ. ಅದು ಡೆಬಿಯನ್ 12ರ ಕನಿಷ್ಠ ವ್ಯವಸ್ಥೆಯುಳ್ಳ ಪ್ರತ್ಯೇಕ ಸಿಎಚ್‌ರೂಟ್‌ನೊಳಗೆ (ಉಳಿದ ವ್ಯವಸ್ಥೆಯಿಂದ ಬೇರ್ಪಟ್ಟ ಕಡತಕೋಶದೊಳಗೆ), ನೀವು ಬಿಲ್ಡ್-ಡಿಪೆಂಡ್ಸ್‌ನಲ್ಲಿ ಹೇಳಿದವುಗಳನ್ನು ಮಾತ್ರ ತಂದುಕೊಂಡು, ಅಲ್ಲಿಯೇ ಕಟ್ಟುತ್ತದೆ. ಪಿಬಿಲ್ಡರ್ ಕೂಡ ಇದೇ ಕೆಲಸ ಮಾಡುತ್ತದೆ. ಮೊದಲ ಸಲ ಬಹುಶಃ ವಿಫಲವಾಗುತ್ತದೆ, ಏಕೆಂದರೆ ಸಿ-ಮೇಕ್, ಪಿಕೆಜಿ-ಕಾನ್ಫ್, ಲಿಬ್‌ಐಸಿಯು-ಡೆವ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಮೊದಲೇ ಇರುವುದರಿಂದ ಅವುಗಳನ್ನು ಪಟ್ಟಿಗೆ ಸೇರಿಸುವುದನ್ನು ಮರೆತಿರುತ್ತೀರಿ. ಆ ವೈಫಲ್ಯವನ್ನು ಸ್ವಾಗತಿಸಿ. ಬೇರೆಯವರ ಯಂತ್ರದಲ್ಲಿ ಆಗಬೇಕಾಗಿದ್ದ ತೊಂದರೆ ನಿಮ್ಮ ಎದುರಿಗೇ ಆಯಿತು.

ಆವೃತ್ತಿ ಸಂಖ್ಯೆಯ ಬಗ್ಗೆ ಒಂದು ಮಾತು. ಎರಡು ಬೇರೆ ಬೇರೆ ಬೈನರಿಗಳಿಗೆ 1.0-1 ಎಂಬ ಒಂದೇ ಸಂಖ್ಯೆ ಕೊಡಬೇಡಿ. ಡೆಬಿಯನ್ 12ಕ್ಕೆ ಕಟ್ಟುವುದನ್ನು ಚೇಂಜ್‌ಲಾಗ್‌ನಲ್ಲಿ 1.0-1~deb12+1 ಎಂಬ ಮಾದರಿಯಲ್ಲಿ, ಆದರೆ ನಿಮ್ಮದೇ ಗುರುತಿನೊಂದಿಗೆ ಬರೆಯಿರಿ. ಡಿಪಿಕೆಜಿಯ ಲೆಕ್ಕದಲ್ಲಿ ಟಿಲ್ಡೆ (~) ಚಿಹ್ನೆ ಇರುವ ಆವೃತ್ತಿ ಅದಿಲ್ಲದ ಆವೃತ್ತಿಗಿಂತ ಹಿಂದಿನದು. ಹೀಗಾಗಿ ಗ್ರಂಥಾಲಯದವರು ಮುಂದೆ 13ಕ್ಕೆ ಏರಿದಾಗ 1.0-1 ಅನ್ನು ಹಾಕಿದರೆ ಅದು ಹೊಸ ಆವೃತ್ತಿಯಾಗಿಯೇ ಅದರ ಜಾಗಕ್ಕೆ ಬರುತ್ತದೆ.

ಪ್ರಶ್ನೆ ಕೇಳಿದವರ ಮರುನುಡಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಿಎಚ್‌ರೂಟ್‌ನಲ್ಲಿ ಮೊದಲ ಸಲ ಸಿ-ಮೇಕ್ ಇಲ್ಲವೆಂದೂ ಎರಡನೆಯ ಸಲ ಐಸಿಯುವಿನ ಹೆಡರ್ ಇಲ್ಲವೆಂದೂ ನಿಂತಿತು. ಮೂರನೆಯ ಸಲಕ್ಕೆ ಪ್ಯಾಕೇಜ್ ಸಿದ್ಧವಾಯಿತು. ಈಗ ಅದರ ಡಿಪೆಂಡ್ಸ್ ಸಾಲಿನಲ್ಲಿ ಲಿಬ್‌ಐಸಿಯು72 ಎಂದಿದೆ, ಲಿಬ್‌ಸಿ6 ಕನಿಷ್ಠ 2.34 ಎಂದಿದೆ. ನಾನು ಒಂದಕ್ಷರವನ್ನೂ ಕೈಯಿಂದ ಬರೆಯಲಿಲ್ಲ.

ಇದರ ಬಳಿಕ ಹೊಸ ತೊಡಕೊಂದು ಎದುರಾಗಿದೆ. ಅಕ್ಷರ ಪರಿವರ್ತನೆಯ ಕೋಷ್ಟಕಗಳು ಬರಿಯ ಪಠ್ಯಕಡತಗಳು, ಯಾವ ಪ್ರೊಸೆಸರಿಗೂ ಸಂಬಂಧಿಸಿದವಲ್ಲ. ಅವುಗಳನ್ನು ಆರ್ಕಿಟೆಕ್ಚರ್ ಆಲ್ ಎಂದು ಗುರುತಿಸಿ ಪ್ರತ್ಯೇಕ ಬೈನರಿ ಪ್ಯಾಕೇಜಾಗಿ ಮಾಡಲು ಕಂಟ್ರೋಲ್ ಕಡತಕ್ಕೆ ಎರಡನೆಯ ಪರಿಚ್ಛೇದವನ್ನು ಸೇರಿಸಿದೆ. ಅಂದಿನಿಂದ ಡಿಎಚ್-ಮಿಸ್ಸಿಂಗ್ ಎಂಬ ಹಂತದಲ್ಲಿ, ಕೆಲವು ಕಡತಗಳು ಯಾವ ಪ್ಯಾಕೇಜಿಗೂ ಸೇರಿಲ್ಲವೆಂದು ಹೇಳಿ ಕೆಲಸ ನಿಲ್ಲುತ್ತಿದೆ.

ಎರಡನೆಯ ಉತ್ತರ ನೀಡಿದವರಿಂದ

ಒಂದು ಸೋರ್ಸ್‌ನಿಂದ ಒಂದೇ ಬೈನರಿ ಹುಟ್ಟುವಾಗ, ಪ್ಯಾಕೇಜ್ ಕಟ್ಟಲು ನೆರವಾಗುವ ಡೆಬ್‌ಹೆಲ್ಪರ್ ಎಲ್ಲ ಕಡತಗಳನ್ನೂ ನೇರವಾಗಿ ಅದರ ಕಡತಕೋಶಕ್ಕೆ ಹಾಕುತ್ತದೆ. ಎರಡಾದ ಕೂಡಲೇ ಯಾವುದು ಯಾರ ಪಾಲಿಗೆಂದು ಅದಕ್ಕೆ ತಿಳಿಯದು. ಎಲ್ಲವನ್ನೂ ಡೆಬಿಯನ್-ಟಿಎಂಪಿ ಎಂಬ ತಾತ್ಕಾಲಿಕ ಜಾಗದಲ್ಲಿ ಸುರಿದು, ನೀವು ಹಂಚಿಕೊಡಬೇಕೆಂದು ಅಪೇಕ್ಷಿಸುತ್ತದೆ. ಪ್ರತಿ ಪ್ಯಾಕೇಜಿನ ಹೆಸರಿನಲ್ಲಿ ಒಂದೊಂದು ಇನ್‌ಸ್ಟಾಲ್ ಕಡತವನ್ನು ಬರೆದು, ಪ್ರೋಗ್ರಾಮಿನ ದಾರಿಯನ್ನು ಒಂದರಲ್ಲಿ, ಕೋಷ್ಟಕಗಳ ದಾರಿಯನ್ನು ಇನ್ನೊಂದರಲ್ಲಿ ಸೂಚಿಸಿ. ಡೆಬ್‌ಹೆಲ್ಪರ್‌ನ ನಡವಳಿಕೆಯನ್ನು ನಿರ್ಧರಿಸುವ ಕಂಪ್ಯಾಟ್ ಮಟ್ಟಗಳಲ್ಲಿ ಹಿಂದಿನವುಗಳಲ್ಲಿ ಇಂಥ ಕಡತಗಳು ಬಿಟ್ಟುಹೋದರೂ ಕಟ್ಟುವ ಕೆಲಸ ಮುಗಿದು, ಪ್ಯಾಕೇಜ್ ಖಾಲಿಯಾಗಿ ಹೊರಬರುತ್ತಿತ್ತು. ಮಟ್ಟ 13 ಇದನ್ನು ದೋಷವೆಂದೇ ಪರಿಗಣಿಸಿ ನಿಲ್ಲಿಸುತ್ತದೆ, ಆದ್ದರಿಂದ ಅದನ್ನು ಇಳಿಸಿ ತಪ್ಪಿಸಿಕೊಳ್ಳಲು ನೋಡಬೇಡಿ.

ಪ್ರೋಗ್ರಾಮ್ ಪ್ಯಾಕೇಜಿನ ಡಿಪೆಂಡ್ಸ್ ಸಾಲಿನಲ್ಲಿ ಕೋಷ್ಟಕದ ಪ್ಯಾಕೇಜನ್ನು ನೀವೇ ಬರೆಯಬೇಕು. ಡಿಪಿಕೆಜಿ-ಶ್‌ಲಿಬ್‌ಡೆಪ್ಸ್ ಲೈಬ್ರರಿಗಳನ್ನಷ್ಟೇ ಗುರುತಿಸುತ್ತದೆ. ಅಲ್ಲಿ ಆವೃತ್ತಿಗೆ ಸೋರ್ಸ್:ವರ್ಷನ್ ಚರಪದವನ್ನು ಬಳಸಿ. ಕೊನೆಗೆ ಪ್ಯಾಕೇಜಿನ ತಪ್ಪುಗಳನ್ನು ಹುಡುಕುವ ಲಿಂಟಿಯನ್ ಓಡಿಸಿ, ಅದು ದೋಷವೆಂದು ತೋರಿಸಿದವುಗಳನ್ನು ತಿದ್ದಿದ ಬಳಿಕವೇ ಗ್ರಂಥಾಲಯಕ್ಕೆ ಒಯ್ಯಿರಿ. ಡಿಎಸ್‌ಸಿ ಮತ್ತು ಎರಡು ಟಾರ್‌ಗಳ ಪ್ರತಿಯನ್ನೂ ಅಲ್ಲಿಯೇ ಇಟ್ಟು ಬನ್ನಿ. ನೀವು ಊರಲ್ಲಿಲ್ಲದಾಗ ಬೇರೊಬ್ಬರು ಅದನ್ನು ಮತ್ತೆ ಕಟ್ಟಬೇಕಾಗಿ ಬರಬಹುದು.