ಒಂದೆಲಗದಲ್ಲಿ ಸೀಸದ ಅಳತೆ: ಒಂದೇ ಬದುವಿನ ಮೂರು ಕಟ್ಟುಗಳಲ್ಲಿ ಮೂರು ಫಲಿತಾಂಶ

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ)

ಎಲ್ಲರಿಗೂ ನಮಸ್ಕಾರ. ಕಿರುಪ್ರಬಂಧಕ್ಕಾಗಿ ಒಂದೆಲಗದಲ್ಲಿರುವ ಸೀಸ ಮತ್ತು ಕ್ಯಾಡ್ಮಿಯಂ ಅಳೆಯುತ್ತಿದ್ದೇನೆ. ಹೆದ್ದಾರಿಯ ಪಕ್ಕದ ಗದ್ದೆಬದುವಿನಿಂದ ಬುಡಸಮೇತ ಕಿತ್ತು ತಂದ ಮೂರು ಕಟ್ಟುಗಳನ್ನು ನಲ್ಲಿ ನೀರಿನಲ್ಲಿ ಒಮ್ಮೆ ಜಾಲಿಸಿ, ಒಣಗಿಸಿ, ಪುಡಿ ಮಾಡಿ, ಪ್ರತಿಯೊಂದರಿಂದ 0.5 ಗ್ರಾಂ ತೆಗೆದುಕೊಂಡು ಮಫಲ್ ಫರ್ನೇಸಿನಲ್ಲಿ (ಮುಚ್ಚಿದ ವಿದ್ಯುತ್ ಕುಲುಮೆ) 600 ಡಿಗ್ರಿಯಲ್ಲಿ ಬೂದಿ ಮಾಡಿದೆ. ಅದನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, 50 ಮಿ.ಲೀ.ಗೆ ತಂದು ಫ್ಲೇಮ್ ಎಎಎಸ್‌ನಲ್ಲಿ (ಜ್ವಾಲೆಯಲ್ಲಿ ಲೋಹದ ಪರಮಾಣುಗಳು ಹೀರುವ ಬೆಳಕಿನಿಂದ ಅದರ ಪ್ರಮಾಣ ಅಳೆಯುವ ಉಪಕರಣ) ಓದಿದಾಗ ಸೀಸ 4.1, 9.6 ಮತ್ತು 6.2 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಬಂದಿತು. ಕ್ಯಾಡ್ಮಿಯಂ ಎರಡು ಕಟ್ಟುಗಳಲ್ಲಿ ಸೊನ್ನೆಗಿಂತ ಕಡಿಮೆ ತೋರಿಸುತ್ತಿದೆ. ಸರಾಸರಿ 6.6 ಆಗುತ್ತದೆ, ಆಯುರ್ವೇದ ಫಾರ್ಮಕೋಪಿಯದ (ಔಷಧಿಗಳ ಗುಣಮಟ್ಟದ ಅಧಿಕೃತ ಗ್ರಂಥ) ಮಿತಿ 10. ಆದರೂ ಈ ಸರಾಸರಿಯನ್ನು ನಂಬಿ ‘ಮಿತಿಯೊಳಗಿದೆ’ ಎಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ. ತಪ್ಪಿದ್ದು ಎಲ್ಲಿ?

ಉತ್ತರ 1 (ನಿವೃತ್ತ ವಿಶ್ಲೇಷಕ)

ಮನಸ್ಸು ಒಪ್ಪದಿರುವುದು ಸರಿಯಾಗಿಯೇ ಇದೆ. ಮೊದಲು ಲೆಕ್ಕವನ್ನು ನೋಡೋಣ. 0.5 ಗ್ರಾಂ ಪುಡಿ 50 ಮಿ.ಲೀ. ಆದಾಗ ನೂರು ಪಟ್ಟು ತೆಳುವಾಗುತ್ತದೆ. ಆದ್ದರಿಂದ ಸೀಸದ 10 ಪಿಪಿಎಂ ಮಿತಿಯು ದ್ರಾವಣದಲ್ಲಿ ಲೀಟರಿಗೆ 100 ಮೈಕ್ರೋಗ್ರಾಂ ಆಗುತ್ತದೆ. ಅಷ್ಟನ್ನು ಫ್ಲೇಮ್ ಹೇಗೋ ಓದುತ್ತದೆ. ಆದರೆ ಕ್ಯಾಡ್ಮಿಯಂ ಮಿತಿ 0.3 ಪಿಪಿಎಂ, ಅಂದರೆ ದ್ರಾವಣದಲ್ಲಿ ಕೇವಲ 3 ಮೈಕ್ರೋಗ್ರಾಂ. ಅಲ್ಲಿ ನೀವು ಓದುತ್ತಿರುವುದು ಉಪಕರಣದ ಏರಿಳಿತವನ್ನೇ ಹೊರತು ಗಿಡವನ್ನಲ್ಲ. ಅದಕ್ಕೆ ಇನ್ನೂ ಸೂಕ್ಷ್ಮವಾಗಿ ಅಳೆಯುವ ಗ್ರಾಫೈಟ್ ಫರ್ನೇಸ್ ಎಎಎಸ್ ಅಥವಾ ಐಸಿಪಿ-ಎಂಎಸ್ ಉಪಕರಣ ಬೇಕು.

ನನಗೆ ಹೆಚ್ಚು ಕಳವಳ ತಂದದ್ದು 600 ಡಿಗ್ರಿ. ಆ ಶಾಖಕ್ಕೆ ಕ್ಯಾಡ್ಮಿಯಂ ಆವಿಯಾಗಿ ಹೋಗುತ್ತದೆ. ಗಿಡದಲ್ಲಿ ಕ್ಲೋರೈಡ್ ಇದ್ದರೆ ಸೀಸವೂ ಅದರ ಹಿಂದೆಯೇ ಹೋಗುತ್ತದೆ. ಆದ್ದರಿಂದ ನಿಮ್ಮ 9.6 ನಿಜದಲ್ಲಿ 10ನ್ನು ದಾಟಿರಲೂಬಹುದು. ಮುಚ್ಚಿದ ಟೆಫ್ಲಾನ್ ಪಾತ್ರೆಯಲ್ಲಿ ನೈಟ್ರಿಕ್ ಆಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಮೈಕ್ರೋವೇವ್ ವಿಧಾನದಿಂದ ಕರಗಿಸಿರಿ. ಆ ಸೌಲಭ್ಯ ಇಲ್ಲದಿದ್ದರೆ ಮೆಗ್ನೀಸಿಯಂ ನೈಟ್ರೇಟ್ ಸೇರಿಸಿ 450 ಡಿಗ್ರಿಯನ್ನು ದಾಟದಂತೆ ಬೂದಿ ಮಾಡಿರಿ. ಪಾದರಸ ಅಳೆಯುವುದಾದರೆ ಬೂದಿಯ ದಾರಿಯೇ ಬೇಡ.

ಉತ್ತರ 2 (ಆಹಾರ ಪ್ರಯೋಗಾಲಯದ ಉದ್ಯೋಗಿ)

ಬ್ಲ್ಯಾಂಕಿನ ಮಾತನ್ನೇ ನೀವು ಎತ್ತಿಲ್ಲ. ಪುಡಿಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಅದೇ ಕ್ರಮದಲ್ಲಿ ನಡೆಸಿ, ಕನಿಷ್ಠ ಮೂರು ಬ್ಲ್ಯಾಂಕ್‌ಗಳನ್ನು ಓದಿರಿ. ನಮ್ಮಲ್ಲಿ ಒಮ್ಮೆ ಸತುವಿನ ಅಂಕಿ ಎಲ್ಲ ಮಾದರಿಗಳಲ್ಲೂ ಏರಿತ್ತು. ಎರಡು ವಾರ ಆಮ್ಲವನ್ನು ದೂರಿದ ಮೇಲೆ ಗೊತ್ತಾದದ್ದು, ಅದು ಕೈಗೆ ಹಾಕುತ್ತಿದ್ದ ರಬ್ಬರ್ ಗ್ಲೌಸಿನಿಂದ ಬರುತ್ತಿತ್ತು. ಗಾಜಿನ ಸಾಮಾನನ್ನು ಶೇಕಡಾ 10ರ ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಹಾಕಿರಿ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ 1547ನೇ ಪ್ರಮಾಣೀಕೃತ ಪೀಚ್ ಎಲೆಯ ಪುಡಿಯನ್ನು ಜೊತೆಯಲ್ಲೇ ಓದಿದರೆ ಒಳ್ಳೆಯದು. ಅದು ದುಬಾರಿ ಎನಿಸಿದರೆ, ತಿಳಿದ ಪ್ರಮಾಣದ ಸೀಸವನ್ನು ಕರಗಿಸುವ ಮೊದಲೇ ಪುಡಿಗೆ ಸೇರಿಸಿ, ಅದರಲ್ಲಿ ಎಷ್ಟು ಮರಳಿ ಬಂತೆಂದು ನೋಡಿರಿ.

ಉತ್ತರ 3 (ಸಸ್ಯಶಾಸ್ತ್ರ ಅಧ್ಯಾಪಕ)

ಇಬ್ಬರೂ ಪ್ರಯೋಗಾಲಯದೊಳಗಿನ ಮಾತು ಹೇಳಿದ್ದಾರೆ. ನನಗೆ ಅನುಮಾನ ಇರುವುದು ಬದುವಿನ ಮೇಲೆ. ಒಂದೆಲಗದ ಬಳ್ಳಿ ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ, ಆ ಬೇರಿನ ಎಳೆಗಳ ನಡುವೆ ಅಂಟಿದ ಕೆಸರು ಒಮ್ಮೆ ಜಾಲಿಸಿದರೆ ಬಿಡುವುದಿಲ್ಲ. ಸೀಸದ ಪೆಟ್ರೋಲ್ ನಮ್ಮಲ್ಲಿ 2000ದಲ್ಲಿ ನಿಂತರೂ, ಹೆದ್ದಾರಿಯಂಚಿನ ಮಣ್ಣಿನ ಮೇಲ್ಪದರಕ್ಕೆ ಬಿದ್ದ ಸೀಸ ಅಷ್ಟು ಸುಲಭವಾಗಿ ಅಲ್ಲಿಂದ ಕದಲುವುದಿಲ್ಲ. ಅದೇ ದ್ರಾವಣಗಳಲ್ಲಿ ಕಬ್ಬಿಣವನ್ನೂ ಓದಿ ನೋಡಿ. ಸೀಸದ ಜೊತೆಗೆ ಕಬ್ಬಿಣವೂ ಏರಿದರೆ, ನೀವು ಅಳೆದದ್ದರಲ್ಲಿ ಎಲೆಯ ಪಾಲಿಗಿಂತ ಮಣ್ಣಿನ ಪಾಲೇ ದೊಡ್ಡದು.

ತೊಳೆಯಬೇಕೇ ಬೇಡವೇ ಎಂಬುದು ನಿಮ್ಮ ಪ್ರಶ್ನೆಯನ್ನು ಅವಲಂಬಿಸಿದೆ. ಗಿಡ ಹೀರಿಕೊಂಡದ್ದೆಷ್ಟು ಎಂದು ತಿಳಿಯಬೇಕಿದ್ದರೆ ಎಲೆ, ಬೇರುಗಳನ್ನು ಬೇರ್ಪಡಿಸಿ, ಕೊನೆಯಲ್ಲಿ ಅಯಾನುರಹಿತ ನೀರಿನಲ್ಲಿ ತೊಳೆಯಿರಿ. ತಂಬುಳಿ ತಿನ್ನುವವರ ಹೊಟ್ಟೆಗೆ ಹೋಗುವುದೆಷ್ಟು ಎಂಬುದಾದರೆ ಮನೆಯಲ್ಲಿ ತೊಳೆಯುವಂತೆಯೇ ತೊಳೆಯಿರಿ.

ಪ್ರಶ್ನೆ ಕೇಳಿದವರಿಂದ

ಉಳಿದಿದ್ದ ದ್ರಾವಣಗಳಲ್ಲಿ ಇಂದು ಕಬ್ಬಿಣವನ್ನು ಓದಿದೆ. ಸೀಸ ಕಂಡ ಕ್ರಮದಲ್ಲಿಯೇ 410, 1150 ಮತ್ತು 690 ಪಿಪಿಎಂ ಬಂದಿದೆ. ಸರ್, ತಾವು ಹೇಳಿದಂತೆ ಮಣ್ಣೇ. ಸರಾಸರಿಯನ್ನು ಕೈಬಿಟ್ಟಿದ್ದೇನೆ. ಸೋಮವಾರ ಅದೇ ಬದುವಿಗೆ ಹೋಗಿ, ಈ ಸಲ ಮಣ್ಣಿನ ಮಾದರಿಯನ್ನೂ ಪ್ಲಾಸ್ಟಿಕ್ ಚಮಚದಲ್ಲಿ ತೆಗೆದು ತರುತ್ತೇನೆ.